ಕ್ಯಾನ್ಸರ್‌ನಿಂದ ಬದುಕುಳಿದವರಲ್ಲಿ ವ್ಯಾಯಾಮ ಮತ್ತು ಜೀವನದ ಗುಣಮಟ್ಟ

ಕ್ಯಾನ್ಸರ್‌ನಿಂದ ಬದುಕುಳಿದವರಲ್ಲಿ ವ್ಯಾಯಾಮ ಮತ್ತು ಜೀವನದ ಗುಣಮಟ್ಟ ಎಂಬುದು ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವ ಅಥವಾ ಚಿಕಿತ್ಸೆಯನ್ನು ಪೂರೈಸಿದ ವ್ಯಕ್ತಿಗಳ ದೇಹಶಕ್ತಿ, ಮನಸ್ಸಿನ ನೆಮ್ಮದಿ, ನಿದ್ರೆ, ದುಡಿಮೆ ಹಾಗೂ ಸಾಮಾಜಿಕ ಬದುಕಿನ ಮೇಲೆ ನಿಯಮಿತ ದೈಹಿಕ ಚಟುವಟಿಕೆ ಬೀರುವ ಪರಿಣಾಮಗಳನ್ನು ಕುರಿತ ಅಧ್ಯಯನ ವಿಷಯವಾಗಿದೆ. ಕ್ಯಾನ್ಸರ್ ವೈದ್ಯಶಾಸ್ತ್ರ, ಭೌತಚಿಕಿತ್ಸೆ, ಮನಶ್ಶಾಸ್ತ್ರ ಮತ್ತು ಯೋಗ ಈ ನಾಲ್ಕೂ ಇಲ್ಲಿ ಸೇರುತ್ತವೆ. ಕ್ಯಾನ್ಸರ್ ಬಂದವರು ಆದಷ್ಟು ವಿಶ್ರಾಂತಿಯಲ್ಲಿರಬೇಕೆಂಬ ಸಲಹೆ ಬಹುಕಾಲ ರೂಢಿಯಲ್ಲಿತ್ತು. 1980ರ ದಶಕದಿಂದ ನಡೆದ ಪರೀಕ್ಷೆಗಳು ಈ ಸಲಹೆಯನ್ನು ಬದಲಾಯಿಸಿವೆ. ವೈದ್ಯರ ಸಲಹೆಯಂತೆ, ವ್ಯಕ್ತಿಯ ಶಕ್ತಿಗೆ ತಕ್ಕಂತೆ ಹಂತಹಂತವಾಗಿ ಮಾಡುವ ವ್ಯಾಯಾಮವು ಬಹುತೇಕರಿಗೆ ಸುರಕ್ಷಿತವೆಂದೂ ದಣಿವು, ಆತಂಕ ಹಾಗೂ ಖಿನ್ನತೆಯನ್ನು ತಗ್ಗಿಸಿ ದೈನಂದಿನ ಕೆಲಸಗಳ ಸಾಮರ್ಥ್ಯವನ್ನು ಹೆಚ್ಚಿಸುತ್ತದೆಂದೂ ಈಗ ಒಪ್ಪಲಾಗಿದೆ. ವ್ಯಾಯಾಮವು ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಅಥವಾ ವಿಕಿರಣ ಚಿಕಿತ್ಸೆಗೆ ಪರ್ಯಾಯವಲ್ಲ. ಅವುಗಳ ಜೊತೆಗೆ ಮತ್ತು ಅವುಗಳ ನಂತರ ನೀಡುವ ಪೂರಕ ಆರೈಕೆಯಾಗಿದೆ.

ಜಗತ್ತಿನಲ್ಲಿ 2022ರಲ್ಲಿ ಸುಮಾರು 2 ಕೋಟಿ ಜನರಲ್ಲಿ ಹೊಸದಾಗಿ ಕ್ಯಾನ್ಸರ್ ಪತ್ತೆಯಾಯಿತು ಮತ್ತು ಸುಮಾರು 97 ಲಕ್ಷ ಜನರು ಅದರಿಂದ ಮರಣಹೊಂದಿದರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಂದಾಜಿಸಿದೆ. ರೋಗ ಪತ್ತೆಯಾದ 5 ವರ್ಷಗಳೊಳಗೆ ಜೀವಂತವಾಗಿರುವವರ ಸಂಖ್ಯೆ 5.3 ಕೋಟಿಗೂ ಹೆಚ್ಚು. ಭಾರತದಲ್ಲಿ ಅದೇ ವರ್ಷ ಸುಮಾರು 14.6 ಲಕ್ಷ ಹೊಸ ಪ್ರಕರಣಗಳಿದ್ದವೆಂದು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಂದಾಜು ತಿಳಿಸುತ್ತದೆ. ಚಿಕಿತ್ಸೆ ಸುಧಾರಿಸಿದಂತೆ ರೋಗದ ನಂತರವೂ ಹಲವು ವರ್ಷ ಬದುಕುವವರ ಸಂಖ್ಯೆ ಹೆಚ್ಚುತ್ತಿದೆ. ಆ ವರ್ಷಗಳನ್ನು ಅವರು ಹೇಗೆ ಕಳೆಯುತ್ತಾರೆ ಎಂಬುದು ಈ ವಿಷಯದ ಮೂಲ ಪ್ರಶ್ನೆ.

ಪರಿಭಾಷೆ

"ಕ್ಯಾನ್ಸರ್‌ನಿಂದ ಬದುಕುಳಿದವರು" ಎಂಬ ಮಾತಿಗೆ ಎರಡು ಅರ್ಥಗಳಿವೆ. ಚಿಕಿತ್ಸೆ ಮುಗಿದು ರೋಗದ ಲಕ್ಷಣಗಳಿಲ್ಲದೆ ಇರುವವರು ಎಂಬುದು ಸಂಕುಚಿತ ಅರ್ಥ. ರೋಗ ಪತ್ತೆಯಾದ ದಿನದಿಂದ ಜೀವಿತದ ಕೊನೆಯವರೆಗೆ ಕ್ಯಾನ್ಸರ್‌ನೊಂದಿಗೆ ಅಥವಾ ಅದರ ನಂತರ ಬದುಕುವ ಎಲ್ಲರೂ ಎಂಬುದು ವಿಶಾಲ ಅರ್ಥ. ಅಮೆರಿಕದ ವೈದ್ಯ ಫಿಟ್ಜ್‌ಹ್ಯೂ ಮುಲ್ಲನ್ ಸ್ವತಃ ಕ್ಯಾನ್ಸರ್‌ಗೆ ಒಳಗಾಗಿದ್ದವರು. 1985ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಅವರು "ಗುಣವಾಯಿತು", "ಗುಣವಾಗಲಿಲ್ಲ" ಎಂಬ ಎರಡೇ ಮಾತುಗಳಲ್ಲಿ ರೋಗಿಯ ಅನುಭವವನ್ನು ಹಿಡಿಯಲಾಗದೆಂದು ವಾದಿಸಿ, ಬದುಕುಳಿಯುವಿಕೆಯನ್ನು ತೀವ್ರ ಚಿಕಿತ್ಸೆಯ ಕಾಲ, ಅದರ ನಂತರದ ನಿಗಾವಣೆಯ ಕಾಲ ಮತ್ತು ಶಾಶ್ವತ ಕಾಲ ಎಂದು ಮೂರು ಹಂತಗಳಾಗಿ ವಿಂಗಡಿಸಿದರು. 1986ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಬದುಕುಳಿದವರ ರಾಷ್ಟ್ರೀಯ ಒಕ್ಕೂಟವು ವಿಶಾಲ ಅರ್ಥವನ್ನು ಪ್ರಚಾರಕ್ಕೆ ತಂದಿತು. ಈ ಲೇಖನದಲ್ಲಿಯೂ ವಿಶಾಲ ಅರ್ಥವನ್ನೇ ಬಳಸಲಾಗಿದೆ.

ನಡಿಗೆ, ಮೆಟ್ಟಿಲು ಹತ್ತುವುದು, ಮನೆಗೆಲಸ, ಹೊಲದ ಕೆಲಸ ಮುಂತಾಗಿ ಸ್ನಾಯುಗಳನ್ನು ಬಳಸಿ ಮಾಡುವ ಎಲ್ಲ ಚಲನೆಯೂ "ದೈಹಿಕ ಚಟುವಟಿಕೆ"ಯೇ. "ವ್ಯಾಯಾಮ" ಎಂದರೆ ಆರೋಗ್ಯದ ಉದ್ದೇಶದಿಂದ ಯೋಜಿಸಿ, ಅಳತೆಯಿಂದ, ಪುನರಾವರ್ತಿಸಿ ಮಾಡುವ ಚಟುವಟಿಕೆ. ಈ ಭೇದ ಮುಖ್ಯವಾದುದು. ದಿನವಿಡೀ ದುಡಿದು ದಣಿಯುವ ವ್ಯಕ್ತಿಯೂ ತನ್ನ ದೇಹಕ್ಕೆ ಆಗ ಬೇಕಾಗಿರುವ ವ್ಯಾಯಾಮವನ್ನು ಮಾಡಿರದಿರಬಹುದು.

ಚಿಕಿತ್ಸೆಯ ನಂತರ ಉಳಿಯುವ ತೊಂದರೆಗಳು

ಕ್ಯಾನ್ಸರ್ ಚಿಕಿತ್ಸೆ ಗೆಡ್ಡೆಯನ್ನು ನಾಶಪಡಿಸುವಾಗ ಆರೋಗ್ಯವಂತ ಅಂಗಾಂಶಗಳಿಗೂ ಪೆಟ್ಟು ಕೊಡುತ್ತದೆ. ಇದರ ಪರಿಣಾಮಗಳು ತಿಂಗಳುಗಳವರೆಗೆ, ಕೆಲವೊಮ್ಮೆ ವರ್ಷಗಳವರೆಗೆ ಉಳಿಯುತ್ತವೆ.

ಇವುಗಳಲ್ಲಿ ಅತ್ಯಂತ ಸಾಮಾನ್ಯವಾದುದು ಕ್ಯಾನ್ಸರ್ ಸಂಬಂಧಿ ದಣಿವು. ಇದು ಕೆಲಸ ಮಾಡಿ ಬರುವ ಆಯಾಸದಂತಲ್ಲ. ಮಲಗಿ ಎದ್ದರೂ ಹೋಗುವುದಿಲ್ಲ, ಮಾಡಿದ ಕೆಲಸಕ್ಕೆ ಹೋಲಿಸಿದರೆ ಅತಿಯಾಗಿರುತ್ತದೆ. ದಣಿವೆಂದು ರೋಗಿ ಮಲಗಿದರೆ ಸ್ನಾಯುಗಳು ಕರಗುತ್ತವೆ, ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯ ತಗ್ಗುತ್ತದೆ. ಆಗ ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬರುತ್ತದೆ. ಏದುಸಿರಿಗೆ ಹೆದರಿ ರೋಗಿ ಇನ್ನಷ್ಟು ಮಲಗುತ್ತಾರೆ. ಈ ವಿಷವರ್ತುಲವನ್ನು ಮುರಿಯುವುದೇ ವ್ಯಾಯಾಮದ ಮೊದಲ ಉದ್ದೇಶ.

ಇತರ ಪ್ರಮುಖ ತೊಂದರೆಗಳು ಹೀಗಿವೆ:

• ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಭುಜ ಬಿಗಿಯುವುದು, ಮತ್ತು ಕಂಕುಳಿನ ದುಗ್ಧ ಗ್ರಂಥಿಗಳನ್ನು ತೆಗೆದುದರಿಂದ ತೋಳು ಊದಿಕೊಳ್ಳುವುದು. ಈ ಊತಕ್ಕೆ ಲಿಂಫೆಡಿಮಾ ಎಂದು ಹೆಸರು.
• ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಚಿಕಿತ್ಸೆಯ ನಂತರ ಬಾಯಿ ಪೂರ್ತಿ ತೆರೆಯಲಾಗದಿರುವುದು, ನುಂಗಲು ಕಷ್ಟವಾಗುವುದು, ಕುತ್ತಿಗೆಯ ಗ್ರಂಥಿಗಳ ಶಸ್ತ್ರಚಿಕಿತ್ಸೆಯಿಂದ ಭುಜ ಜೋಲುವುದು.
• ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್ ಮುಂತಾದ ಔಷಧಗಳಿಂದ ಕೈಕಾಲುಗಳ ನರಗಳಿಗೆ ಹಾನಿಯಾಗಿ ಜೋಮು ಹಿಡಿಯುವುದು, ಪಾದದ ಸ್ಪರ್ಶಜ್ಞಾನ ಕಡಿಮೆಯಾಗುವುದು.
• ಡಾಕ್ಸೊರುಬಿಸಿನ್ ಮುಂತಾದ ಔಷಧಗಳಿಂದ ಹೃದಯದ ಸ್ನಾಯು ದುರ್ಬಲವಾಗುವ ಸಾಧ್ಯತೆ.
• ಹಾರ್ಮೋನು ತಗ್ಗಿಸುವ ಚಿಕಿತ್ಸೆಯಿಂದ ಮೂಳೆ ಸವೆಯುವುದು, ಕೀಲುನೋವು, ತೂಕ ಹೆಚ್ಚುವುದು.
• ನಿದ್ರಾಹೀನತೆ, ಖಿನ್ನತೆ, ರೋಗ ಮರುಕಳಿಸೀತೆಂಬ ಭಯ, ತನ್ನ ದೇಹದ ರೂಪದ ಬಗೆಗಿನ ಸಂಕೋಚ.

ಜೀವನದ ಗುಣಮಟ್ಟದ ಅಳತೆ

ರಕ್ತಪರೀಕ್ಷೆ ಅಥವಾ ಸ್ಕ್ಯಾನ್ ರೋಗದ ಸ್ಥಿತಿಯನ್ನು ತಿಳಿಸಬಲ್ಲದು, ರೋಗಿಯ ಬದುಕಿನ ಸ್ಥಿತಿಯನ್ನು ತಿಳಿಸಲಾರದು. ಅದನ್ನು ರೋಗಿಯಿಂದಲೇ ಕೇಳಿ ತಿಳಿಯಬೇಕು. ಇದಕ್ಕಾಗಿ ಸಿದ್ಧಪಡಿಸಿದ ಪ್ರಶ್ನಾವಳಿಗಳಲ್ಲಿ ಎರಡು ಹೆಚ್ಚು ಬಳಕೆಯಲ್ಲಿವೆ. ಯುರೋಪಿನ ಕ್ಯಾನ್ಸರ್ ಸಂಶೋಧನಾ ಒಕ್ಕೂಟದ ಕ್ಯೂಎಲ್‌ಕ್ಯೂ-ಸಿ30 ಪ್ರಶ್ನಾವಳಿಯು 1993ರಲ್ಲಿ ಪ್ರಕಟವಾಯಿತು. ಇದರಲ್ಲಿ 30 ಪ್ರಶ್ನೆಗಳಿದ್ದು, ದೈಹಿಕ, ಭಾವನಾತ್ಮಕ, ಬೌದ್ಧಿಕ ಮತ್ತು ಸಾಮಾಜಿಕ ಸಾಮರ್ಥ್ಯಗಳನ್ನೂ ದಣಿವು, ನೋವು, ವಾಕರಿಕೆ, ನಿದ್ರಾಹೀನತೆ, ಹಣದ ಮುಗ್ಗಟ್ಟು ಮುಂತಾದವನ್ನೂ ವಿಚಾರಿಸಲಾಗುತ್ತದೆ. ಇದರ ಕನ್ನಡ ಆವೃತ್ತಿಯೂ ಇದೆ. ಅಮೆರಿಕದಲ್ಲಿ ರೂಪುಗೊಂಡ ಫ್ಯಾಕ್ಟ್-ಜಿ ಎಂಬ ಇನ್ನೊಂದು ಪ್ರಶ್ನಾವಳಿಯಲ್ಲಿ 27 ಪ್ರಶ್ನೆಗಳಿವೆ.

ದೈಹಿಕ ಸಾಮರ್ಥ್ಯವನ್ನು ಅಳೆಯಲು ಆರು ನಿಮಿಷಗಳ ನಡಿಗೆ ಪರೀಕ್ಷೆ ಸರಳ ವಿಧಾನವಾಗಿದೆ. ಸಮತಟ್ಟಾದ ಜಾಗದಲ್ಲಿ ಆರು ನಿಮಿಷಗಳಲ್ಲಿ ವ್ಯಕ್ತಿ ಎಷ್ಟು ಮೀಟರ್ ನಡೆಯಬಲ್ಲರು ಎಂಬುದನ್ನು ದಾಖಲಿಸಿ, ಕೆಲವು ವಾರಗಳ ನಂತರ ಮತ್ತೆ ಅಳೆದು ಹೋಲಿಸಲಾಗುತ್ತದೆ. ಇದಕ್ಕೆ ಗಡಿಯಾರ, ಅಳತೆಯ ಪಟ್ಟಿ ಮತ್ತು ಸುಮಾರು 30 ಮೀಟರ್ ಉದ್ದದ ಪಡಸಾಲೆ ಇದ್ದರೆ ಸಾಕು.

ಇತಿಹಾಸ

ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದ ಶುಶ್ರೂಷಾ ಸಂಶೋಧಕರಾದ ಮೇರಿಲ್ ವಿನ್ನಿಂಗ್‌ಹ್ಯಾಮ್ ಮತ್ತು ಮೇರಿ ಮ್ಯಾಕ್‌ವಿಕಾರ್ 1980ರ ದಶಕದಲ್ಲಿ ಕೀಮೋಥೆರಪಿ ಪಡೆಯುತ್ತಿದ್ದ ಸ್ತನ ಕ್ಯಾನ್ಸರ್ ರೋಗಿಗಳಿಗೆ ಸ್ಥಿರ ಸೈಕಲ್ ತುಳಿಯುವ ವ್ಯಾಯಾಮವನ್ನು ಕೊಟ್ಟು ಪರೀಕ್ಷಿಸಿದರು. ವಾರಕ್ಕೆ 3 ಬಾರಿಯಂತೆ 10 ವಾರ ನಡೆದ ಈ ವ್ಯಾಯಾಮದಿಂದ ರೋಗಿಗಳ ಸಾಮರ್ಥ್ಯ ಹೆಚ್ಚಿತೆಂಬ ಫಲಿತಾಂಶ 1989ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ನಡುವೆಯೂ ದೇಹವನ್ನು ಪಳಗಿಸಬಹುದು ಎಂಬುದನ್ನು ತೋರಿಸಿದ ಆರಂಭದ ಅಧ್ಯಯನಗಳಲ್ಲಿ ಇದೂ ಒಂದು.

2010ರಲ್ಲಿ ಅಮೆರಿಕದ ಕ್ರೀಡಾ ವೈದ್ಯಶಾಸ್ತ್ರ ಕಾಲೇಜು ಕರೆದ ತಜ್ಞರ ಸಮಾವೇಶವು ವ್ಯಾಯಾಮ ಸುರಕ್ಷಿತವೆಂದು ಸಾರಿ, ಬದುಕುಳಿದವರು ನಿಷ್ಕ್ರಿಯತೆಯನ್ನು ತಪ್ಪಿಸಬೇಕೆಂದು ಹೇಳಿತು. ಅದೇ ಸಂಸ್ಥೆಯ 2018ರ ಸಮಾವೇಶದ ನಿರ್ಣಯಗಳು 2019ರಲ್ಲಿ ಪ್ರಕಟವಾದವು. ಯಾವ ತೊಂದರೆಗೆ ಎಷ್ಟು ವ್ಯಾಯಾಮ ಬೇಕೆಂಬ ನಿಖರ ಶಿಫಾರಸುಗಳು ಅದರಲ್ಲಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ 2020ರ ದೈಹಿಕ ಚಟುವಟಿಕೆಯ ಮಾರ್ಗಸೂಚಿಯು ಕ್ಯಾನ್ಸರ್‌ನಂತಹ ದೀರ್ಘಕಾಲಿಕ ಕಾಯಿಲೆಗಳೊಂದಿಗೆ ಬದುಕುವವರಿಗೂ ಪ್ರತ್ಯೇಕ ಶಿಫಾರಸುಗಳನ್ನು ನೀಡಿತು. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವು 2022ರ ತನ್ನ ಮಾರ್ಗಸೂಚಿಯಲ್ಲಿ, ಗುಣಪಡಿಸುವ ಉದ್ದೇಶದ ಚಿಕಿತ್ಸೆ ನಡೆಯುತ್ತಿರುವಾಗಲೇ ವ್ಯಾಯಾಮವನ್ನು ಸೂಚಿಸಬೇಕೆಂದು ವೈದ್ಯರಿಗೆ ಸಲಹೆ ಮಾಡಿತು.

ಸಂಶೋಧನೆಯ ಆಧಾರಗಳು

ಕಾಕ್ರೇನ್ ಸಂಸ್ಥೆಯು 2012ರಲ್ಲಿ ಈ ವಿಷಯದ ಮೇಲೆ ಎರಡು ವ್ಯವಸ್ಥಿತ ಸಮೀಕ್ಷೆಗಳನ್ನು ಪ್ರಕಟಿಸಿತು. ಚಿಕಿತ್ಸೆ ಮುಗಿಸಿದವರನ್ನು ಕುರಿತ ಸಮೀಕ್ಷೆಯಲ್ಲಿ 40 ಪರೀಕ್ಷೆಗಳ 3,694 ಜನರ ಮಾಹಿತಿಯನ್ನು ಪರಿಶೀಲಿಸಲಾಯಿತು. ವ್ಯಾಯಾಮ ಮಾಡಿದವರಲ್ಲಿ ಒಟ್ಟಾರೆ ಜೀವನದ ಗುಣಮಟ್ಟ, ಭಾವನಾತ್ಮಕ ಸ್ಥಿತಿ, ಸಾಮಾಜಿಕ ಬದುಕು ಮತ್ತು ನಿದ್ರೆ ಸುಧಾರಿಸಿ, ಆತಂಕ, ದಣಿವು ಹಾಗೂ ನೋವು ತಗ್ಗಿರುವುದು ಕಂಡುಬಂತು. ಚಿಕಿತ್ಸೆ ಪಡೆಯುತ್ತಿರುವವರನ್ನು ಕುರಿತ ಇನ್ನೊಂದು ಸಮೀಕ್ಷೆಯಲ್ಲಿ 56 ಪರೀಕ್ಷೆಗಳ 4,826 ಜನರಿದ್ದರು. ಅಲ್ಲಿಯೂ ಇದೇ ಬಗೆಯ ಪ್ರಯೋಜನ ಕಂಡಿತು. ಆದರೆ ವ್ಯಾಯಾಮದ ಬಗೆ, ಅವಧಿ ಮತ್ತು ಅಳತೆಯ ವಿಧಾನಗಳು ಒಂದೊಂದು ಪರೀಕ್ಷೆಯಲ್ಲಿ ಒಂದೊಂದು ರೀತಿಯಾಗಿದ್ದುದರಿಂದ ಫಲಿತಾಂಶಗಳನ್ನು ಎಚ್ಚರದಿಂದ ಗ್ರಹಿಸಬೇಕೆಂದು ಸಮೀಕ್ಷಕರು ತಿಳಿಸಿದರು.

ದಣಿವಿನ ಪರಿಹಾರವನ್ನು ಕುರಿತ 113 ಅಧ್ಯಯನಗಳ ವಿಶ್ಲೇಷಣೆಯೊಂದು 2017ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಸಂಬಂಧಿ ದಣಿವನ್ನು ತಗ್ಗಿಸಲು ವ್ಯಾಯಾಮ ಮತ್ತು ಮಾನಸಿಕ ಚಿಕಿತ್ಸೆ ಎರಡೂ ಔಷಧಗಳಿಗಿಂತ ಹೆಚ್ಚು ಪರಿಣಾಮಕಾರಿ ಎಂಬುದು ಅದರ ನಿರ್ಣಯವಾಗಿತ್ತು.

ತೋಳಿನ ಊತವಿರುವ ಮಹಿಳೆಯರು ಭಾರ ಎತ್ತಬಾರದೆಂಬ ನಂಬಿಕೆಯನ್ನು 2009ರ ಪರೀಕ್ಷೆಯೊಂದು ಪ್ರಶ್ನಿಸಿತು. ಊತವಿದ್ದ 141 ಮಹಿಳೆಯರಲ್ಲಿ ಒಂದು ಗುಂಪಿಗೆ ತರಬೇತುದಾರರ ಮೇಲ್ವಿಚಾರಣೆಯಲ್ಲಿ, ಒತ್ತುಪಟ್ಟಿಯ ತೋಳುಗವಸು ಧರಿಸಿ, ಅತಿ ಕಡಿಮೆ ತೂಕದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸುತ್ತ ಭಾರ ಎತ್ತುವ ವ್ಯಾಯಾಮವನ್ನು ಕೊಡಲಾಯಿತು. ಒಂದು ವರ್ಷದಲ್ಲಿ ಊತ ಉಲ್ಬಣಿಸಿದ್ದು ವ್ಯಾಯಾಮ ಮಾಡಿದವರಲ್ಲಿ ಶೇ. 14, ಮಾಡದವರಲ್ಲಿ ಶೇ. 29.

ವ್ಯಾಯಾಮವು ಆಯುಷ್ಯವನ್ನೂ ಹೆಚ್ಚಿಸಬಲ್ಲದೇ ಎಂಬ ಪ್ರಶ್ನೆಗೆ "ಚಾಲೆಂಜ್" ಎಂಬ ಪರೀಕ್ಷೆಯ ಫಲಿತಾಂಶ 2025ರಲ್ಲಿ ಹೊರಬಂತು. ಮುಖ್ಯವಾಗಿ ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ, ದೊಡ್ಡಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮತ್ತು ಕೀಮೋಥೆರಪಿ ಮುಗಿಸಿದ 889 ಜನರ ಮೇಲೆ ಇದು ನಡೆಯಿತು. ಒಂದು ಗುಂಪಿಗೆ ಮೂರು ವರ್ಷಗಳ ಮಾರ್ಗದರ್ಶಿತ ವ್ಯಾಯಾಮವನ್ನೂ ಇನ್ನೊಂದು ಗುಂಪಿಗೆ ಆರೋಗ್ಯ ಮಾಹಿತಿಯ ಪುಸ್ತಿಕೆಗಳನ್ನೂ ನೀಡಲಾಯಿತು. ಐದು ವರ್ಷಗಳ ನಂತರ ರೋಗ ಮರುಕಳಿಸದೆ ಉಳಿದವರು ವ್ಯಾಯಾಮದ ಗುಂಪಿನಲ್ಲಿ ಶೇ. 80.3, ಇನ್ನೊಂದರಲ್ಲಿ ಶೇ. 73.9. ಎಂಟು ವರ್ಷಗಳ ನಂತರ ಜೀವಂತವಾಗಿದ್ದವರು ಕ್ರಮವಾಗಿ ಶೇ. 90.3 ಮತ್ತು ಶೇ. 83.2. ಸ್ನಾಯು ಮತ್ತು ಮೂಳೆಗಳ ನೋವು ವ್ಯಾಯಾಮ ಮಾಡಿದವರಲ್ಲಿ ತುಸು ಹೆಚ್ಚಾಗಿತ್ತು. ಈ ಫಲಿತಾಂಶ ದೊಡ್ಡಕರುಳಿನ ಕ್ಯಾನ್ಸರ್‌ಗೆ ಸಂಬಂಧಿಸಿದ್ದು. ಎಲ್ಲ ಕ್ಯಾನ್ಸರ್‌ಗಳಿಗೂ ಇದನ್ನು ನೇರವಾಗಿ ಅನ್ವಯಿಸಲಾಗದು.

ಕರ್ನಾಟಕದಲ್ಲಿ ಅಧ್ಯಯನಗಳು

ಕರ್ನಾಟಕದ ಸಂಶೋಧಕರು ಈ ಕ್ಷೇತ್ರಕ್ಕೆ ನೀಡಿದ ಕೊಡುಗೆ ಗಮನಾರ್ಹವಾಗಿದೆ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನವು (ಎಸ್-ವ್ಯಾಸ) ನಗರದ ಕ್ಯಾನ್ಸರ್ ಆಸ್ಪತ್ರೆಯ ಸಹಯೋಗದಲ್ಲಿ ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಯೋಗದ ಪರಿಣಾಮವನ್ನು ಪರೀಕ್ಷಿಸಿತು. ಎಚ್. ಆರ್. ನಾಗೇಂದ್ರ ಮತ್ತು ಆರ್. ನಾಗರತ್ನ ಈ ಅಧ್ಯಯನಗಳಲ್ಲಿ ಭಾಗವಹಿಸಿದ್ದರು. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೀಮೋಥೆರಪಿ ಪಡೆಯುತ್ತಿದ್ದ 62 ಮಹಿಳೆಯರಿದ್ದರು. ಯೋಗಾಭ್ಯಾಸ ಮಾಡಿದವರಲ್ಲಿ ಔಷಧದ ನಂತರದ ವಾಕರಿಕೆ ಕಡಿಮೆಯಾಯಿತು. ಮುಂದಿನ ಸರದಿಯನ್ನು ನೆನೆದೇ ಬರುವ ವಾಕರಿಕೆಯೂ ತಗ್ಗಿತು. 2009ರ ಮತ್ತೊಂದು ಅಧ್ಯಯನದಲ್ಲಿ ಆರು ವಾರಗಳ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 88 ಮಹಿಳೆಯರನ್ನು ಯೋಗ ಹಾಗೂ ಆಪ್ತಸಲಹೆಯ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಯೋಗದ ಗುಂಪಿನಲ್ಲಿ ಭಾವನಾತ್ಮಕ ಮತ್ತು ಬೌದ್ಧಿಕ ಸಾಮರ್ಥ್ಯಗಳು ಸುಧಾರಿಸಿದವು. ಮುಂದೆ ಎಸ್-ವ್ಯಾಸ ಮತ್ತು ಅಮೆರಿಕದ ಎಂ. ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ ಕೂಡಿ ನಡೆಸಿದ 163 ಮಹಿಳೆಯರ ಪರೀಕ್ಷೆಯ ಫಲಿತಾಂಶ 2014ರಲ್ಲಿ ಪ್ರಕಟವಾಯಿತು.

ಮಂಗಳೂರು ಮತ್ತು ಮಣಿಪಾಲದ ಭೌತಚಿಕಿತ್ಸಾ ತಜ್ಞರು ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ರೋಗಿಗಳನ್ನು ಆರಿಸಿಕೊಂಡರು. ತಂಬಾಕಿನ ಬಳಕೆ ವ್ಯಾಪಕವಾಗಿರುವ ಭಾರತದಲ್ಲಿ ಈ ಬಗೆಯ ಕ್ಯಾನ್ಸರ್ ಬಹಳ ಸಾಮಾನ್ಯ. ಪಾಶ್ಚಾತ್ಯ ದೇಶಗಳ ಅಧ್ಯಯನಗಳಲ್ಲಿ ಇದಕ್ಕೆ ದೊರೆತ ಗಮನ ಕಡಿಮೆ. ಕೀಮೋಥೆರಪಿ ಮತ್ತು ವಿಕಿರಣ ಎರಡನ್ನೂ ಪಡೆಯುತ್ತಿದ್ದ 148 ಜನರ ಈ ಪರೀಕ್ಷೆಯಲ್ಲಿ ಒಂದು ಗುಂಪು ಮೊದಲ 7 ವಾರ ಆಸ್ಪತ್ರೆಯಲ್ಲಿಯೂ ನಂತರ 11ನೆಯ ವಾರದವರೆಗೆ ಮನೆಯಲ್ಲಿಯೂ ನಡಿಗೆ ಮತ್ತು ಸ್ನಾಯುಬಲದ ವ್ಯಾಯಾಮ ಮಾಡಿತು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಗುಂಪಿನವರ ನಡಿಗೆಯ ಸಾಮರ್ಥ್ಯ ಮತ್ತು ಜೀವನದ ಗುಣಮಟ್ಟ ಸುಧಾರಿಸಿದವು, ದಣಿವು ಉಲ್ಬಣಿಸುವುದು ತಪ್ಪಿತು. ದುಬಾರಿ ಯಂತ್ರಗಳಿಲ್ಲದೆ, ಕಠಿಣ ಚಿಕಿತ್ಸೆಯ ನಡುವೆಯೂ ವ್ಯಾಯಾಮ ಸಾಧ್ಯ ಎಂಬುದನ್ನು ಇದು ತೋರಿಸಿತು.

ವ್ಯಾಯಾಮದ ಬಗೆಗಳು ಮತ್ತು ಪ್ರಮಾಣ

2019ರ ಅಂತರರಾಷ್ಟ್ರೀಯ ಶಿಫಾರಸಿನ ಸಾರಾಂಶ ಹೀಗಿದೆ:

• ಉಸಿರಾಟ ಮತ್ತು ಹೃದಯಬಡಿತವನ್ನು ಹೆಚ್ಚಿಸುವ ವ್ಯಾಯಾಮ: ಬಿರುಸಿನ ನಡಿಗೆ, ಸೈಕಲ್ ತುಳಿಯುವುದು ಮುಂತಾದವು. ವಾರಕ್ಕೆ 3 ಬಾರಿ, ಪ್ರತಿ ಬಾರಿ ಕನಿಷ್ಠ 30 ನಿಮಿಷ, 8ರಿಂದ 12 ವಾರಗಳವರೆಗೆ.
• ಸ್ನಾಯುಬಲದ ವ್ಯಾಯಾಮ: ಕುರ್ಚಿಯಿಂದ ಕೈಯೂರದೆ ಏಳುವುದು ಕೂರುವುದು, ಸಣ್ಣ ತೂಕ ಎತ್ತುವುದು, ರಬ್ಬರ್ ಪಟ್ಟಿ ಎಳೆಯುವುದು. ವಾರಕ್ಕೆ 2 ಬಾರಿ, ಪ್ರತಿ ವ್ಯಾಯಾಮವನ್ನು 8ರಿಂದ 15 ಸಲದಂತೆ ಎರಡು ಸುತ್ತು.
• ಮೈ ಸಡಿಲಿಸುವ ಮತ್ತು ಸಮತೋಲನದ ವ್ಯಾಯಾಮ: ಇವನ್ನು ಮೇಲಿನ ಎರಡರ ಜೊತೆಗೆ ಸೇರಿಸಬಹುದು. ಪಾದಗಳಲ್ಲಿ ಜೋಮು ಇರುವವರಿಗೂ ವಯಸ್ಸಾದವರಿಗೂ ಬೀಳುವುದನ್ನು ತಪ್ಪಿಸಲು ಸಮತೋಲನದ ಅಭ್ಯಾಸ ಅಗತ್ಯ.

ಇದು ತಲುಪಬೇಕಾದ ಗುರಿಯೇ ಹೊರತು ಮೊದಲ ದಿನದ ಪಾಠವಲ್ಲ. ಹಾಸಿಗೆ ಹಿಡಿದಿದ್ದವರಿಗೆ ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಅಂಗಳದಲ್ಲಿ ನಡೆಯುವುದೇ ಸರಿಯಾದ ಆರಂಭ. ಆಯಾಸ ಅತಿಯಾಗದಿದ್ದರೆ ಕೆಲವು ದಿನಗಳಿಗೊಮ್ಮೆ ಒಂದೆರಡು ನಿಮಿಷ ಹೆಚ್ಚಿಸಬಹುದು. ಶ್ರಮದ ಪ್ರಮಾಣವನ್ನು ತಿಳಿಯಲು ಮಾತಿನ ಪರೀಕ್ಷೆ ಉಪಯುಕ್ತ: ನಡೆಯುವಾಗ ಜೊತೆಯವರೊಡನೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗದಷ್ಟು ಉಸಿರು ಏರಿರಬೇಕು. ಮಾತನಾಡಲೂ ಆಗದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ಕೀಮೋಥೆರಪಿಯ ಸರದಿಯ ನಂತರದ ಕೆಲವು ದಿನ ಶಕ್ತಿ ಕುಗ್ಗಿರುತ್ತದೆ. ಆಗ ವ್ಯಾಯಾಮವನ್ನು ಕಡಿಮೆ ಮಾಡಿ, ಚೇತರಿಸಿಕೊಂಡ ಮೇಲೆ ಮತ್ತೆ ಹೆಚ್ಚಿಸುವುದು ರೂಢಿ.

ಕ್ಯಾನ್ಸರ್‌ನ ಬಗೆಗೆ ಅನುಗುಣವಾದ ವ್ಯಾಯಾಮಗಳು

ಸ್ತನ ಕ್ಯಾನ್ಸರ್: ಶಸ್ತ್ರಚಿಕಿತ್ಸೆಯ ನಂತರ ಬೆರಳು, ಮಣಿಕಟ್ಟು ಮತ್ತು ಮೊಣಕೈಗಳ ಸಣ್ಣ ಚಲನೆಯಿಂದ ಆರಂಭಿಸಿ, ಗಾಯ ಮಾಯ್ದಂತೆ ವೈದ್ಯರ ಸೂಚನೆಯಂತೆ ಭುಜದ ಎತ್ತರಕ್ಕಿಂತ ಮೇಲೆ ಕೈ ಎತ್ತುವ ಅಭ್ಯಾಸ ಮಾಡಿಸಲಾಗುತ್ತದೆ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಗೋಡೆಯ ಮೇಲೆ ನಿಧಾನವಾಗಿ ಏರಿಸುವುದು ಸರಳ ವಿಧಾನ. ಪ್ರತಿದಿನ ತಲುಪಿದ ಎತ್ತರಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿದರೆ ಪ್ರಗತಿ ಕಣ್ಣಿಗೆ ಕಾಣುತ್ತದೆ. ಭುಜವನ್ನು ಅಲುಗಿಸದೆ ಇಟ್ಟುಕೊಂಡರೆ ತಲೆ ಬಾಚುವುದು, ರವಿಕೆ ತೊಡುವುದು ಸಹ ಕಷ್ಟವಾಗುತ್ತದೆ. ವಿಕಿರಣ ಚಿಕಿತ್ಸೆಯ ಸಮಯದಲ್ಲಿ ಕೈಯನ್ನು ತಲೆಯ ಮೇಲಕ್ಕೆ ಚಾಚಿ ಮಲಗಬೇಕಾಗುವುದರಿಂದ ಭುಜದ ಚಲನೆ ಚಿಕಿತ್ಸೆಗೂ ಅಗತ್ಯ.

ಬಾಯಿ ಮತ್ತು ಗಂಟಲಿನ ಕ್ಯಾನ್ಸರ್: ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ 35 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಅಂತರವಿದ್ದರೆ ದವಡೆ ಬಿಗಿದಿದೆ ಎಂದು ಪರಿಗಣಿಸಲಾಗುತ್ತದೆ. ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಸುವುದೇ ಎಂದು ನೋಡುವುದು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ. ದವಡೆಯ ವ್ಯಾಯಾಮ, ನುಂಗುವ ಅಭ್ಯಾಸ ಮತ್ತು ಭುಜದ ವ್ಯಾಯಾಮಗಳನ್ನು ದಿನಕ್ಕೆ ಹಲವು ಬಾರಿ ಸ್ವಲ್ಪಸ್ವಲ್ಪವೇ ಮಾಡಬೇಕಾಗುತ್ತದೆ. ಬಾಯಿ ತೆರೆಯದವರು ಊಟ ಮಾಡಲಾರರು. ಊಟವಿಲ್ಲದೆ ತೂಕ ಕಳೆದುಕೊಂಡವರು ನಡೆಯಲಾರರು. ಆದ್ದರಿಂದ ಇಂತಹವರಲ್ಲಿ ವ್ಯಾಯಾಮ ಮತ್ತು ಆಹಾರವನ್ನು ಬೇರೆಬೇರೆಯಾಗಿ ನೋಡಲಾಗುವುದಿಲ್ಲ.

ಕರುಳಿನ ಕ್ಯಾನ್ಸರ್: ಹೊಟ್ಟೆಯ ಮೇಲೆ ಮಲವಿಸರ್ಜನೆಯ ರಂಧ್ರ ಮಾಡಿಸಿಕೊಂಡವರಿಗೆ ಅಲ್ಲಿ ಅಂಡವಾಯು ಉಂಟಾಗುವ ಅಪಾಯವಿರುವುದರಿಂದ ಭಾರ ಎತ್ತುವ ಮೊದಲು ತಜ್ಞರ ಸಲಹೆ ಬೇಕು. ನಡಿಗೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಗರ್ಭಕೊರಳಿನ ಕ್ಯಾನ್ಸರ್: ವಿಕಿರಣ ಚಿಕಿತ್ಸೆ ಅಥವಾ ಶಸ್ತ್ರಚಿಕಿತ್ಸೆಯ ನಂತರ ಕಾಲುಗಳಲ್ಲಿ ಊತ ಹಾಗೂ ಮೂತ್ರ ಹಿಡಿಯಲಾಗದ ತೊಂದರೆ ಕಾಣಿಸಬಹುದು. ಶ್ರೋಣಿಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಇದಕ್ಕೆ ನೆರವಾಗುತ್ತದೆ. ಸಂಕೋಚದಿಂದ ಹೇಳಿಕೊಳ್ಳದೆ ಉಳಿಯುವ ತೊಂದರೆಗಳಲ್ಲಿ ಇದು ಪ್ರಮುಖವಾದುದು.

ಎಚ್ಚರಿಕೆಗಳು

ಕೆಳಗಿನ ಸಂದರ್ಭಗಳಲ್ಲಿ ವ್ಯಾಯಾಮವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು:

• ಜ್ವರ. ಕೀಮೋಥೆರಪಿಯ ಅವಧಿಯಲ್ಲಿ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ ಬಂದರೆ ವಿಳಂಬವಿಲ್ಲದೆ ಆಸ್ಪತ್ರೆಗೆ ಹೋಗಬೇಕು.
• ಎದೆನೋವು, ತಲೆಸುತ್ತು, ವಿಶ್ರಾಂತಿಯಲ್ಲಿದ್ದರೂ ಉಸಿರಾಟದ ತೊಂದರೆ.
• ಹೊಸದಾಗಿ ಕಾಣಿಸಿಕೊಂಡ ಮೂಳೆನೋವು ಅಥವಾ ಬೆನ್ನುನೋವು, ಕಾಲುಗಳಲ್ಲಿ ಬಲ ಕುಂದುವುದು.
• ಒಂದೇ ಕಾಲಿನಲ್ಲಿ ಹಠಾತ್ತಾಗಿ ಊತ ಮತ್ತು ನೋವು.
• ತೋಳು ಅಥವಾ ಕಾಲಿನ ಊತ ಹೆಚ್ಚುವುದು, ಚರ್ಮ ಕೆಂಪಾಗಿ ಬಿಸಿಯಾಗುವುದು.
• ಅಸಹಜ ರಕ್ತಸ್ರಾವ.

ಕ್ಯಾನ್ಸರ್ ಮೂಳೆಗೆ ಹರಡಿರುವವರು, ಹೃದಯದ ತೊಂದರೆ ಇರುವವರು, ರಕ್ತಹೀನತೆ ತೀವ್ರವಾಗಿರುವವರು ಹಾಗೂ ಪ್ಲೇಟ್‌ಲೆಟ್ ಕಣಗಳು ಬಹಳ ಕಡಿಮೆಯಾಗಿರುವವರು ವೈದ್ಯರು ಒಪ್ಪಿದ ವ್ಯಾಯಾಮವನ್ನು ಮಾತ್ರ ಮಾಡಬೇಕು. ಇವರಿಗೆ ವ್ಯಾಯಾಮವೇ ನಿಷಿದ್ಧವೆಂದಲ್ಲ. ಅದರ ಬಗೆ ಮತ್ತು ಪ್ರಮಾಣ ಬೇರೆಯಾಗಿರುತ್ತದೆ. ಯೋಗಾಸನಗಳಲ್ಲಿ ಸಹ ಮುಂದಕ್ಕೆ ಬಲವಾಗಿ ಬಾಗುವ, ಬೆನ್ನುಮೂಳೆ ತಿರುಚುವ ಭಂಗಿಗಳು ಮೂಳೆ ದುರ್ಬಲವಾಗಿರುವವರಿಗೆ ಹಾನಿಕರವಾಗಬಹುದು.

ಉತ್ತರ ಬೆಳಗಾವಿ ಭಾಗದ ಸ್ಥಿತಿಗತಿ

ಬೆಳಗಾವಿ ಜಿಲ್ಲೆಯ ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ ಮತ್ತು ನಿಪ್ಪಾಣಿ ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಯ ಕಡೆಗಿವೆ. ರಾಯಬಾಗ ತಾಲ್ಲೂಕಿನ ಹಾರೂಗೇರಿಯಂತಹ ಊರುಗಳಿಂದ ಕ್ಯಾನ್ಸರ್ ಚಿಕಿತ್ಸೆಗೆ ಬೆಳಗಾವಿ, ಹುಬ್ಬಳ್ಳಿ ಅಥವಾ ಗಡಿಯಾಚೆಯ ಮಿರಜ್, ಕೊಲ್ಹಾಪುರಗಳಿಗೆ ಹೋಗಬೇಕಾಗುತ್ತದೆ. ಹಾರೂಗೇರಿಗೆ ಜಿಲ್ಲಾ ಕೇಂದ್ರಕ್ಕಿಂತ ಮಿರಜ್ ಹತ್ತಿರ. ತಾಲ್ಲೂಕಿನ ಕುಡಚಿ ಮತ್ತು ರಾಯಬಾಗ ರೈಲು ನಿಲ್ದಾಣಗಳು ಬೆಳಗಾವಿ–ಮಿರಜ್ ಮಾರ್ಗದಲ್ಲಿವೆ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಥೆರಪಿ ಅಂಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಡಾ. ಸಂಪತ್‌ಕುಮಾರ್ ಎಸ್. ಶಿವಣಗಿ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು 2025ರ ಜನವರಿ 3ರಂದು ಉದ್ಘಾಟಿಸಿದರು. ಅದೇ ನಗರದಲ್ಲಿ ಕೆಎಲ್‌ಇ ಸಂಸ್ಥೆಯ ಭೌತಚಿಕಿತ್ಸಾ ಕಾಲೇಜು ಸಹ ಇದೆ. ರಾಜ್ಯದ ಪ್ರಮುಖ ಸರ್ಕಾರಿ ಕೇಂದ್ರವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಯಿತು.

ಆಸ್ಪತ್ರೆ ದೂರವಿರುವಲ್ಲಿ ವಾರಕ್ಕೆ ಮೂರು ಬಾರಿ ಹೋಗಿ ಭೌತಚಿಕಿತ್ಸೆ ಪಡೆಯುವುದು ಕೂಲಿಕಾರರಿಗೂ ಸಣ್ಣ ರೈತರಿಗೂ ಸಾಧ್ಯವಾಗದ ಮಾತು. ಪ್ರಯಾಣದ ವೆಚ್ಚದ ಜೊತೆಗೆ ಅಂದಿನ ಕೂಲಿಯೂ, ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ಆದ್ದರಿಂದ ಆಸ್ಪತ್ರೆಯಿಂದ ಮನೆಗೆ ಕಳುಹಿಸುವ ಮೊದಲೇ ವ್ಯಾಯಾಮವನ್ನು ಕಲಿಸಿ, ಮನೆಯವರಿಗೂ ತೋರಿಸಿ, ಮರುತಪಾಸಣೆಗೆ ಬಂದಾಗ ಪರಿಶೀಲಿಸುವ ಕ್ರಮ ಇಂತಹ ಪ್ರದೇಶಗಳಿಗೆ ಹೆಚ್ಚು ಹೊಂದುತ್ತದೆ. ಮಂಗಳೂರು–ಮಣಿಪಾಲ ಅಧ್ಯಯನದ ಕೊನೆಯ ಭಾಗ ಮನೆಯಲ್ಲಿಯೇ ನಡೆದುದು ಈ ದೃಷ್ಟಿಯಿಂದ ಮಹತ್ವದ್ದು.

ಈ ಭಾಗದ ಮುಖ್ಯ ಬೆಳೆ ಕಬ್ಬು. ನಿಪ್ಪಾಣಿ ಬೀಡಿ ತಂಬಾಕಿನ ಹಳೆಯ ಮಾರುಕಟ್ಟೆ. ಹೊಲದಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮ ಏಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಕಬ್ಬು ಕಡಿಯುವುದು, ಮೇವಿನ ಹೊರೆ ಹೊರುವುದು, ನೀರಿನ ಕೊಡ ಎತ್ತುವುದು ಇವೆಲ್ಲ ಭಾರೀ ಶ್ರಮದ ಕೆಲಸಗಳು. ಆದರೆ ಇವು ದೇಹದ ಒಂದೇ ಭಾಗದ ಮೇಲೆ ಒತ್ತಡ ಹಾಕುತ್ತವೆ ಮತ್ತು ಶಕ್ತಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳುವ ಅವಕಾಶ ಇವುಗಳಲ್ಲಿ ಕಡಿಮೆ. ಚಿಕಿತ್ಸೆಯಿಂದ ದುರ್ಬಲವಾದ ದೇಹ ಇದ್ದಕ್ಕಿದ್ದಂತೆ ಇವಕ್ಕೆ ಮರಳಿದರೆ ಗಾಯಗೊಳ್ಳಬಹುದು. ವ್ಯಾಯಾಮದ ಉದ್ದೇಶ ಈ ಕೆಲಸಗಳಿಗೆ ಸುರಕ್ಷಿತವಾಗಿ ಮರಳುವ ಬಲವನ್ನು ಕೊಡುವುದಾಗಿದೆ. ಜೋಳದ ರೊಟ್ಟಿ ಬಡಿಯುವುದು ಇದಕ್ಕೆ ಉತ್ತಮ ಉದಾಹರಣೆ. ಹಿಟ್ಟು ನಾದುವುದಕ್ಕೂ ರೊಟ್ಟಿ ಬಡಿಯುವುದಕ್ಕೂ ಭುಜ, ತೋಳು ಮತ್ತು ಅಂಗೈಗಳ ಬಲ ಬೇಕು. ಒಲೆಯ ಮುಂದೆ ಕುಳಿತು ಏಳಲು ತೊಡೆಯ ಬಲ ಬೇಕು. ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ ಮಹಿಳೆ ಮೊದಲು ಭುಜದ ಚಲನೆಯನ್ನು ಮರಳಿ ಪಡೆದು, ಒಂದೆರಡು ರೊಟ್ಟಿಗಳಿಂದ ಆರಂಭಿಸಿ ದಿನಗಳೆದಂತೆ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳಬಹುದು. ಊತವಿರುವ ತೋಳಿಗೆ ಸುಟ್ಟಗಾಯ ಅಥವಾ ಕೊಯ್ತ ಆಗದಂತೆ ನೋಡಿಕೊಳ್ಳಬೇಕು, ಏಕೆಂದರೆ ಅಲ್ಲಿ ಸೋಂಕು ಬೇಗ ಹರಡುತ್ತದೆ. ಅದೇ ರೀತಿ ಪಾದದ ಸ್ಪರ್ಶ ಕುಂದಿರುವವರು ಬರಿಗಾಲಲ್ಲಿ ಹೊಲಕ್ಕೆ ಇಳಿಯಬಾರದು. ಬೆರಳುಗಳನ್ನು ಪೂರ್ತಿ ಮುಚ್ಚುವ ಪಾದರಕ್ಷೆ ಧರಿಸಿ, ಪ್ರತಿ ಸಂಜೆ ಅಂಗಾಲನ್ನು ಪರೀಕ್ಷಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಬಿಸಿಲು ಏರುವ ಮೊದಲು ಅಥವಾ ಸಂಜೆ ನಡೆಯುವುದು ಉಚಿತ.

ಸಾಮಾಜಿಕ ಅಡ್ಡಿಗಳೂ ಇವೆ. ಕ್ಯಾನ್ಸರ್ ಅಂಟುರೋಗವೆಂಬ ತಪ್ಪು ನಂಬಿಕೆ, ಕೂದಲು ಉದುರಿದ ತಲೆಯ ಬಗೆಗಿನ ನಾಚಿಕೆ, ಮಹಿಳೆಯರು ರಸ್ತೆಯಲ್ಲಿ ಸುಮ್ಮನೆ ನಡೆದಾಡಿದರೆ ಜನ ಏನೆಂದಾರೆಂಬ ಅಳುಕು ಇವು ರೋಗಿಯನ್ನು ಮನೆಯೊಳಗೆ ಕೂರಿಸುತ್ತವೆ. ಮಕ್ಕಳು, ಸೊಸೆಯಂದಿರು ಪ್ರೀತಿಯಿಂದಲೇ "ನೀವು ಏನೂ ಮಾಡಬೇಡಿ, ಮಲಗಿರಿ" ಎನ್ನುತ್ತಾರೆ. ಈ ಪ್ರೀತಿ ರೋಗಿಯ ಶಕ್ತಿಯನ್ನು ಕುಗ್ಗಿಸಬಲ್ಲದು ಎಂಬುದನ್ನು ಕುಟುಂಬಕ್ಕೆ ತಿಳಿಸುವುದು ಆರೈಕೆಯ ಭಾಗವಾಗಿದೆ. ಬೆಳಗಿನ ಜಾವ ಗುಡಿಯವರೆಗೆ ನಡೆದು ಬರುವುದು, ನೆರೆಯವರೊಡನೆ ಹೊಲದ ದಾರಿಯಲ್ಲಿ ಅಡ್ಡಾಡುವುದು ಮುಂತಾದ ರೂಢಿಯ ನಡಿಗೆಗಳು ಯಾರ ಕಣ್ಣಿಗೂ ಬೇರೆಯಾಗಿ ಕಾಣದೆ ವ್ಯಾಯಾಮದ ಕೆಲಸ ಮಾಡುತ್ತವೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಅರ್ಹ ಕುಟುಂಬಗಳಿಗೆ ಕ್ಯಾನ್ಸರ್ ಚಿಕಿತ್ಸೆಯ ನೆರವು ದೊರೆಯುತ್ತದೆ. ಗ್ರಾಮ ಮಟ್ಟದ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ 30 ವರ್ಷ ಮೇಲ್ಪಟ್ಟವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಹಾಗೂ ಯೋಗಾಭ್ಯಾಸದ ಕಾರ್ಯಕ್ರಮಗಳಿವೆ. ತಪಾಸಣೆಗಾಗಿ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರಿಗೆ ಸರಳ ವ್ಯಾಯಾಮಗಳ ಮತ್ತು ಅಪಾಯಸೂಚಕ ಲಕ್ಷಣಗಳ ತಿಳಿವಳಿಕೆ ದೊರೆತರೆ, ಚಿಕಿತ್ಸೆ ಮುಗಿಸಿ ಊರಿಗೆ ಮರಳಿದವರಿಗೂ ಇದೇ ವ್ಯವಸ್ಥೆ ನೆರವಾಗಬಲ್ಲದು.

ಮಿತಿಗಳು

ಈ ಕ್ಷೇತ್ರದ ಬಹುಪಾಲು ಅಧ್ಯಯನಗಳು ಸ್ತನ ಕ್ಯಾನ್ಸರ್‌ಗೆ ಸಂಬಂಧಿಸಿದವು ಮತ್ತು ಶ್ರೀಮಂತ ದೇಶಗಳಲ್ಲಿ ನಡೆದವು. ವ್ಯಾಯಾಮದ ಪರೀಕ್ಷೆಗೆ ಒಪ್ಪುವವರು ಸಾಮಾನ್ಯವಾಗಿ ಹೆಚ್ಚು ಆರೋಗ್ಯವಂತರೂ ಉತ್ಸಾಹಿಗಳೂ ಆಗಿರುವುದರಿಂದ ಫಲಿತಾಂಶ ಎಲ್ಲರಿಗೂ ಸಮನಾಗಿ ಅನ್ವಯಿಸದಿರಬಹುದು. ತಾನು ವ್ಯಾಯಾಮ ಮಾಡುತ್ತಿರುವುದು ರೋಗಿಗೆ ತಿಳಿದೇ ಇರುತ್ತದೆ. ಆದ್ದರಿಂದ ಪ್ರಶ್ನಾವಳಿಗೆ ಕೊಡುವ ಉತ್ತರದಲ್ಲಿ ನಿರೀಕ್ಷೆಯ ಪ್ರಭಾವವನ್ನು ಪೂರ್ತಿ ತೆಗೆಯಲಾಗದು. ವ್ಯಾಯಾಮದಿಂದ ಅಥವಾ ಯೋಗದಿಂದಲೇ ಕ್ಯಾನ್ಸರ್ ಗುಣವಾಗುತ್ತದೆಂಬ ಪ್ರಚಾರಕ್ಕೆ ವೈಜ್ಞಾನಿಕ ಆಧಾರವಿಲ್ಲ. ಅದನ್ನು ನಂಬಿ ಚಿಕಿತ್ಸೆಯನ್ನು ಮುಂದೂಡುವುದು ಪ್ರಾಣಾಪಾಯಕ್ಕೆ ದಾರಿ. ತಂಬಾಕನ್ನು ತ್ಯಜಿಸದೆ ಮಾಡುವ ವ್ಯಾಯಾಮದ ಪ್ರಯೋಜನವೂ ಸೀಮಿತವಾದುದು.

ಇವನ್ನೂ ನೋಡಿ

• ಕ್ಯಾನ್ಸರ್
• ಸ್ತನ ಕ್ಯಾನ್ಸರ್
• ಬಾಯಿ ಕ್ಯಾನ್ಸರ್
• ಭೌತಚಿಕಿತ್ಸೆ
• ಯೋಗ
• ಉಪಶಾಮಕ ಆರೈಕೆ
• ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ
• ಹಾರೂಗೇರಿ